ಕಸದೆಣ್ಣೆಗೆ ಒಂದು ಮುಚ್ಚಳ ಕೊಸರು

ಮೊದಲಿಗೆ ಓದುಗರಲ್ಲಿ ಒಂದು ಬಿನ್ನಹ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದ್ದರಿಂದ ನಾನು ಬರೆದದ್ದನ್ನು ಓದಿ, ತಪ್ಪಿದ್ದಲ್ಲಿ ಬೆರಳಿಟ್ಟು ತೋರಿಸಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಅವ್ವನಿಗೆ ಓದಿ ಹೇಳಿದರೆ ‘ಚಲೋ ಆಗೈತಿ, ಖರೆ ನನ್ನ ಸೀರಿ ಬಣ್ಣ ಬರೀಲೇ ಇಲ್ಲಲಾ’ ಎನ್ನುತ್ತಾಳೆ. ಅಪ್ಪನಿಗೆ ಓದಿ ಹೇಳಲು ಕುಳಿತರೆ ಅರ್ಧಕ್ಕೇ ಎದ್ದು ಬಾವಿಯ ಮೋಟಾರು ಚಾಲೂ ಮಾಡಲು ಹೊರಡುತ್ತಾರೆ. ಹೀಗಾಗಿ ಈ ಬರಹದಲ್ಲಿ ಲೋಪದೋಷಗಳು ಉಳಿದಿದ್ದರೆ, ಶಾಸ್ತ್ರದ ಮಾತು ಅಗತ್ಯಕ್ಕಿಂತ ಹೆಚ್ಚಾಗಿದ್ದರೆ, ತಾವು ದಯವಿಟ್ಟು ಮನ್ನಿಸಬೇಕು. ನಾನು ಓದಿದ್ದು ಕೃಷಿ. ಹೇಳಹೊರಟಿರುವುದು ಕಳೆನಾಶಕವು ಬೆಳೆಯ ಸಾರಜನಕದ ಊಟವನ್ನು ಹೇಗೆ ತಪ್ಪಿಸುತ್ತದೆ ಎಂಬ ಸಂಗತಿಯನ್ನು. ಆದರೆ ಅದು ನಡೆದದ್ದು ಒಂದು ನವರಾತ್ರಿಯಲ್ಲಿ, ನಮ್ಮ ಮನೆಯ ದೇವರ ಜಗುಲಿಯ ಮುಂದೆ.

ನಮ್ಮೂರು ಗೋಕಾಕ ತಾಲ್ಲೂಕಿನಲ್ಲಿ, ಮೇಲವಂಕಿಗೆ ಹತ್ತಿರ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ ಮತ್ತು ನಾನು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆಯನ್ನು ಹುಕ್ಕೇರಿ ತಾಲ್ಲೂಕಿನಲ್ಲಿ ಸಂಕೇಶ್ವರದ ಆಚೆಯ ಒಂದೂರಿಗೆ ಕೊಟ್ಟಿದೆ. ಅಪ್ಪನ ತಮ್ಮನಾದ ಕಾಕಾ ಮೂಡಲಗಿಯಲ್ಲಿ ಅಂಗಡಿ ಇಟ್ಟುಕೊಂಡು, ಹೆಂಡತಿಯೊಂದಿಗೆ ಅಲ್ಲೇ ನೆಲೆಸಿದ್ದಾರೆ. ಆ ಕಾಕು ಕೂಡ ಈ ಕಥೆಗೆ ಬೇಕಾದವಳೇ. ಹೀಗೆ ಮೂರು ತಾಲ್ಲೂಕುಗಳಲ್ಲಿ ಹರಡಿದ್ದರೂ ನಮ್ಮ ಮನೆತನ ಫೋನಿನ ಗುಂಪಿನಲ್ಲಿ ದಿನವಿಡೀ ಒಂದೇ ಪಡಸಾಲೆಯಲ್ಲಿ ಕುಳಿತಂತೆ ಕುಳಿತಿರುತ್ತದೆ. ಯಾರ ಮನೆಯಲ್ಲಿ ಇಂದು ಯಾವ ಪಲ್ಯ ಎಂಬುದು ಉಳಿದಿಬ್ಬರಿಗೆ ಒಲೆ ಆರುವ ಮೊದಲೇ ತಿಳಿದಿರುತ್ತದೆ.

ಈ ಕಥೆಗೆ ಕಾರಣವಾದದ್ದು ಅಪ್ಪನ ಉದಾರ ಗುಣ. ಅವರು ಕೊಣ್ಣೂರ ಸಂತೆಗೆ ಬದನೆಕಾಯಿ ಒಯ್ದರೆ ತಕ್ಕಡಿ ಸರಿಯಾಗಿ ನಿಂತ ಮೇಲೂ ಗಿರಾಕಿಯ ಚೀಲಕ್ಕೆ ಎರಡು ಕಾಯಿ ಹೆಚ್ಚಿಗೆ ಹಾಕುತ್ತಾರೆ. ಅದಕ್ಕೆ ಕೊಸರು ಎನ್ನುತ್ತಾರೆ. ಕೊಸರು ಹಾಕದ ಕೈ ಅವರ ಪ್ರಕಾರ ಅರ್ಧ ಕೈ. ಚಹಾಕ್ಕೆ ಸಕ್ಕರೆ, ಎತ್ತಿಗೆ ಹಿಂಡಿ, ಊಟಕ್ಕೆ ಬಂದವರ ತಾಟಿಗೆ ತುಪ್ಪ ಎಲ್ಲಕ್ಕೂ ಅವರದೊಂದು ಕೊಸರು ಇದ್ದೇ ಇರುತ್ತದೆ. ಇದರಿಂದ ಅವರಿಗೆ ಊರಲ್ಲಿ ಒಳ್ಳೆಯ ಹೆಸರು ಬಂದಿದೆ; ಎತ್ತುಗಳಿಗೆ ಹೊಟ್ಟೆ ಬಂದಿದೆ. ಕಷ್ಟ ಬಂದದ್ದು ಅವರು ಕಳೆನಾಶಕಕ್ಕೂ ಕೊಸರು ಹಾಕತೊಡಗಿದಾಗ.

ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧವೆಲ್ಲವೂ ಎಣ್ಣೆಯೇ. ಕಳೆಗೆ ಕಸ ಎನ್ನುವುದರಿಂದ ಕಳೆನಾಶಕವು ಕಸದೆಣ್ಣೆ. ಆ ವರ್ಷ ಅಡಸಾಲಿ, ಅಂದರೆ ಮಳೆಗಾಲದಲ್ಲಿ ನೆಡುವ ಕಬ್ಬು ನಾಟಿ ಮಾಡಿದ ಮೇಲೆ ಮಳೆ ಬಿಡದೆ ಹಿಡಿದು, ಕಸ ತೆಗೆಯಲು ಆಳು ಸಿಗದೆ, ಅಪ್ಪ ತಾವೇ ಪಂಪು ಹೆಗಲಿಗೇರಿಸಿದರು. ನಾನು ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿ, ಅಳತೆಯ ಮುಚ್ಚಳ ತುಂಬಿ ಕೊಟ್ಟೆ. ಅವರು ಅದನ್ನು ಪಂಪಿಗೆ ಸುರಿದು, ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಇನ್ನೊಂದು ಮುಚ್ಚಳ ಸುರಿದರು.

“ಅಪ್ಪಾ, ಬರದದ್ದ ಒಂದ ಐತಿ.”

“ಬರದಾಂವ ನಮ್ಮ ಹೊಲದ ಕಸಾ ಬಂದ ನೋಡ್ಯಾನೇನು?”

“ಹೆಚ್ಚಾದ್ರ ಬೆಳಿಗೂ ಹತ್ತತೈತಿ.”

“ಇಷ್ಟ ವರ್ಷ ಊರಾಗ ಎಲ್ಲಾರಿಗೂ ಕೊಸರ ಕೊಟ್ಟೇನಿ. ಈಗ ಕಸಕ್ಕ ಕೊಡಲಿಲ್ಲಂದ್ರ ಕಸಾ ಏನ ತಿಳಕೊಂಡೀತು? ಜಿಪುಣ ಅಂದೀತು.”

ಪ್ರತಿ ಸಲ ಪಂಪಿಗೆ ನೀರು ತುಂಬುತ್ತಿದ್ದುದು ಬಾವಿಯ ಪಕ್ಕದ ಮೂಲೆಯಲ್ಲಿ. ತುಂಬುವಾಗ ಚೆಲ್ಲಿದ್ದು ಅಲ್ಲೇ ಚೆಲ್ಲಿತು; ಕೊನೆಯಲ್ಲಿ ಉಳಿದದ್ದನ್ನು ಅಪ್ಪ ಅಲ್ಲೇ ಸುರಿದು, ಪಂಪು ತೊಳೆದ ನೀರನ್ನೂ ಅಲ್ಲೇ ಬಿಟ್ಟರು. ಓದುಗರು ಈ ಮೂಲೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಸ ಸತ್ತಿತು, ಅದರಲ್ಲಿ ಸಂಶಯವಿಲ್ಲ. ಆದರೆ ಕೆಲವು ದಿನಗಳಲ್ಲಿ ಕಬ್ಬಿನ ಎಳೆಯ ಎಲೆಗಳೂ ಬಿಳಿಚಿಕೊಂಡವು. ಹಳದಿ ಎಲೆಗೆ ನಮ್ಮ ಭಾಗದಲ್ಲಿ ಇರುವುದು ಒಂದೇ ಔಷಧ. ಬದುವಿನ ಮೇಲೆ ಹಾದುಹೋದವರೆಲ್ಲ ನಿಂತು, ಕಬ್ಬನ್ನು ನೋಡಿ, ಕತ್ತು ಹೊರಳಿಸಿ “ಯೂರಿಯಾ ಕೇಳಾಕತ್ತೈತಿ ನೋಡು” ಎಂದು ಹೇಳಿ ಮುಂದೆ ಹೋದರು. ಅಪ್ಪ ಯೂರಿಯಾ ಕೊಟ್ಟರು. ಎಲೆ ಹಸಿರಾಗಲಿಲ್ಲ. ಮತ್ತೊಮ್ಮೆ ಕೊಟ್ಟರು, ಈ ಸಲ ಕೊಸರು ಸೇರಿಸಿ. ಬದುವಿನ ಹುಲ್ಲು ಮಾತ್ರ ಕಡುಹಸಿರಾಗಿ ಎದ್ದುನಿಂತಿತು.

ಆ ದಿನ ಪಡಸಾಲೆಯಲ್ಲಿ ನಾನು ಅಪ್ಪನಿಗೆ ವಿಷಯವನ್ನು ವಿವರಿಸಲು ಕುಳಿತೆ. ಮಣ್ಣಿನಲ್ಲಿರುವ ಸಾರಜನಕವು ನೀರಿನಲ್ಲಿ ಕರಗಿ ಎಳೆಯ ಬೇರುಗಳ ಮೂಲಕ ಗಿಡದೊಳಕ್ಕೆ ಹೋಗುತ್ತದೆ. ಕೆಲವು ಜಾತಿಯ ಕಳೆನಾಶಕಗಳು ಅಳತೆ ಮೀರಿದಾಗ ಬೇರಿನ ತುದಿಯ ಬೆಳವಣಿಗೆಯನ್ನೇ ನಿಲ್ಲಿಸುತ್ತವೆ. ಇನ್ನು ಕೆಲವು, ಒಳಗೆ ಹೋದ ಸಾರಜನಕವನ್ನು ಗಿಡ ತನ್ನ ಮೈಗೆ ಹತ್ತಿಸಿಕೊಳ್ಳುವ ಕೆಲಸವನ್ನು ಕೆಡಿಸುತ್ತವೆ. ಆಗ ಮೇಲಿನಿಂದ ಎಷ್ಟು ಗೊಬ್ಬರ ಸುರಿದರೂ ಅದು ನೀರಿನೊಂದಿಗೆ ಹರಿದು ಹೋಗುತ್ತದೆ, ಗಾಳಿಗೆ ಹಾರಿ ಹೋಗುತ್ತದೆ, ಇಲ್ಲವೇ ಬದುವಿನ ಹುಲ್ಲಿನ ಪಾಲಾಗುತ್ತದೆ. ಇಷ್ಟನ್ನು ನಾನು ಪುಸ್ತಕದ ಭಾಷೆಯಲ್ಲಿಯೇ ಹೇಳಿದೆ. ಆ ಪದಗಳಿಗೆ ಮನೆಯ ಮಾತು ನನಗಿನ್ನೂ ಸಿಕ್ಕಿರಲಿಲ್ಲ. ಆಯಿ ಅಡಿಕೆ ಕತ್ತರಿಸುತ್ತಾ ಪೂರ್ತಿ ಕೇಳಿ,

“ಇಕಿ ಮಾತಾಡಾಕತ್ರ ರೇಡಿಯೋ ಹಚ್ಚಿದಂಗ ಆಗತೈತಿ. ಕೇಳಾಕ ಚಲೋ ಇರತೈತಿ, ತಿಳಿಯೂದಿಲ್ಲ ಅಷ್ಟ” ಎಂದಳು.

ನಾನು ಮತ್ತೆ ಪ್ರಯತ್ನಿಸಿದೆ. “ಅಪ್ಪಾ, ಕಬ್ಬಿನ ಮುಂದ ತಾಟಿನಾಗ ಊಟಾ ಐತಿ. ಅದರ ಬಾಯಿಗೆ ನೀವ ಹೊಲಿಗಿ ಹಾಕೀರಿ.”

“ಹಂಗಾರ ಇನ್ನೊಂದ ತಾಟ ಬಡಸೂಣ. ವಾಸನಿಗರ ಹೊಲಿಗಿ ಬಿಚ್ಚೀತು” ಎಂದು ಅಪ್ಪ ಮೋಟಾರಿನ ಕಡೆಗೆ ನಡೆದರು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಭಾಗದ ಬಹಳ ಮನೆಗಳಲ್ಲಿ ಆಗ ಘಟ ಕೂಡಿಸುವ ಪದ್ಧತಿಯಿದೆ. ಆಡುಮಾತಿನಲ್ಲಿ ಅದು ಘಟ್ಟ. ಮುತ್ತುಗದೆಲೆಯ ಪತ್ರೋಳಿಯ ಮೇಲೆ ಸ್ವಂತ ಹೊಲದ ಮಣ್ಣನ್ನು ಸಾಣಿಗೆಯಲ್ಲಿ, ಅಂದರೆ ಜರಡಿಯಲ್ಲಿ, ಹಿಡಿದು ಹರಡುತ್ತಾರೆ. ಅದರಲ್ಲಿ ಗೋಧಿ, ಜೋಳ ಮುಂತಾದ ಕಾಳುಗಳನ್ನು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆಯನ್ನಿಟ್ಟು, ಪಕ್ಕದಲ್ಲಿ ಆರದ ದೀಪ ಹಚ್ಚುತ್ತಾರೆ. ಗಡಿಗೆಯಿಂದ ಒಸರುವ ನೀರು ಕುಡಿದು ಕಾಳುಗಳು ಮೊಳೆಯುತ್ತವೆ. ದಸರೆಯ ದಿನ ಆ ಸಸಿಗಳನ್ನು ಕಿತ್ತು ಗಂಡಸರು ಟೋಪಿಗೆ, ಹೆಂಗಸರು ಮುಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆಗ ಊರೆಲ್ಲ ಒಬ್ಬರ ತಲೆಯನ್ನು ಒಬ್ಬರು ನೋಡುತ್ತಾರೆ. ಸಸಿ ಉದ್ದವಾಗಿದ್ದರೆ ಬಿತ್ತಿದವಳ ಕೈಗುಣ ಒಳ್ಳೆಯದು; ಗಿಡ್ಡವಾಗಿದ್ದರೆ ಯಾರೂ ಏನೂ ಹೇಳುವುದಿಲ್ಲ. ಆ ಏನೂ ಹೇಳದಿರುವುದನ್ನು ತಡೆದುಕೊಳ್ಳುವುದು ಕಷ್ಟ.

ಅಲ್ಲಿಯವರೆಗೆ ಕಾಳು ಬಿತ್ತುತ್ತಿದ್ದವಳು ಆಯಿ. ಅವ್ವ ಮದುವೆಯಾಗಿ ಬಂದಾಗಿನಿಂದ ಮಣ್ಣು ಸಾಣಿಸಿದ್ದಾಳೆ, ಕಾಳು ಆರಿಸಿದ್ದಾಳೆ, ಗಡಿಗೆ ತೊಳೆದಿದ್ದಾಳೆ. ಬಿತ್ತುವ ಗಳಿಗೆಯಲ್ಲಿ ಮಾತ್ರ ಹಿಂದೆ ಸರಿದು ನಿಂತಿದ್ದಾಳೆ. ಆ ವರ್ಷ ಆಯಿಯ ಮಂಡಿಗಳು ಮಾತು ಕೇಳದಾದವು. ಘಟದ ಮುಂದೆ ಬಾಗಿ ಬಿತ್ತುವುದು ಆಗದೆಂದು ಅವಳು ಕಾಳಿನ ಬಟ್ಟಲನ್ನು ಅವ್ವನ ಕೈಗಿಟ್ಟಳು. ಸುದ್ದಿ ಗುಂಪಿಗೆ ಹೋಯಿತು. ಮರುಗಳಿಗೆಯಲ್ಲಿ ಹುಕ್ಕೇರಿಯ ಅತ್ತೆಯ ಫೋನು ಬಂತು.

“ಈ ಸಲ ತಂಗಿ ಕೈಲೆ ಬಿತ್ತಲಿ, ನಾ ಏನ ಬ್ಯಾಡ ಅನ್ನೂದಿಲ್ಲ. ಸಸಿ ಚಲೋ ಬಂದ್ರ ಘಟ್ಟ ಅಲ್ಲೇ ಇರ್ಲಿ. ಬರಲಿಲ್ಲಂದ್ರ ಮುಂದಿನ ವರ್ಷ ಮೂಡಲಗಿಗೆ ಹೋಗ್ಲಿ, ಸಣ್ಣಾಕಿ ಕೈನೂ ನೋಡೂಣ. ಖಂಡೆಪೂಜಿಗೆ ಬರತೇನಿ, ಕಣ್ಲೆ ನೋಡತೇನಿ.”

ಅತ್ತೆ ‘ತಂಗಿ’ ಎನ್ನುವುದು ಅವ್ವನಿಗೆ, ‘ಸಣ್ಣಾಕಿ’ ಎನ್ನುವುದು ಕಾಕುವಿಗೆ. ಆ ಮಾತನ್ನು ಅವ್ವ ಒಲೆಯ ಮುಂದೆ ನಿಂತು ಕೇಳಿಸಿಕೊಂಡಳು. ಆಮೇಲೆ ನನ್ನೊಬ್ಬಳಿಗೇ ಹೇಳಿದಳು:

“ಈ ಮನ್ಯಾಗ ಇದೊಂದ ನನ್ನ ಕೈಯಾಗ ಬಂದೈತಿ ನೋಡು. ಇದೂ ಹ್ವಾತಂದ್ರ ಸಾಯೂತನಕ ನಾ ಸಾಣಿಗಿ ಹಿಡಿಯಾಕಿನ.”

ಆಯಿ ಯಾವಾಗಲೂ ಘಟಕ್ಕೆ ಮಣ್ಣು ತರಿಸುತ್ತಿದ್ದುದು ಬಾವಿಯ ಪಕ್ಕದ ಮೂಲೆಯಿಂದ. ತಂಪಾದ, ಕಪ್ಪಾದ, ಒಳ್ಳೆಯ ಮಣ್ಣು ಅದು. ಅವ್ವ ಪದ್ಧತಿ ತಪ್ಪಬಾರದೆಂದು ಅದೇ ಮೂಲೆಯಿಂದ ಅಪ್ಪನ ಕೈಯಲ್ಲಿ ಬುಟ್ಟಿ ತುಂಬಿಸಿ ತರಿಸಿದಳು. ನಾನು ಆಗ ಗೋಕಾಕಕ್ಕೆ ಹೂವು ಹಣ್ಣು ತರಲು ಹೋಗಿದ್ದೆ. ಬರುವಷ್ಟರಲ್ಲಿ ಮಣ್ಣು ಪತ್ರೋಳಿಯ ಮೇಲೆ ಹರಡಿತ್ತು, ಕಾಳು ಬಿದ್ದಿತ್ತು, ದೀಪ ಹತ್ತಿತ್ತು. ಒಮ್ಮೆ ಕೂಡಿಸಿದ ಘಟವನ್ನು ದಸರೆಯವರೆಗೆ ಕದಲಿಸುವಂತಿಲ್ಲ.

ಮೊಳಕೆ ಬಂತು. ಬಂದದ್ದು ನಿಂತೇ ಹೋಯಿತು. ಸಸಿಗಳು ಅಕ್ಕಿಯ ಕಾಳಿಗಿಂತ ತುಸು ಎತ್ತರಕ್ಕೆ ಎದ್ದು, ಯಾರೋ ಗದರಿಸಿದಂತೆ ಅಲ್ಲೇ ಕುಗ್ಗಿ ಕುಳಿತವು. ಅತ್ತ ಮೂಡಲಗಿಯಿಂದ ಕಾಕು ತನ್ನ ಮನೆಯ ಪುಟ್ಟ ಘಟದ ಚಿತ್ರಗಳನ್ನು ಮುಂಜಾನೆ ಸಂಜೆ ಕಳಿಸತೊಡಗಿದಳು. ಪೇಟೆಯ ಮನೆಯಾದ್ದರಿಂದ ಅವಳು ಸಸಿ ಮಾರುವವರಿಂದ ತೆಂಗಿನ ನಾರಿನ ಪುಡಿ ತಂದು ಬಿತ್ತಿದ್ದಳು. ಅವಳ ಸಸಿಗಳು ಸಾಲಿಯ ಮಕ್ಕಳಂತೆ ನೆಟ್ಟಗೆ ನಿಂತಿದ್ದವು. ಅತ್ತೆ ಗುಂಪಿನಲ್ಲಿ ಧ್ವನಿ ಕಳಿಸಿದಳು: “ತೆಂಗಿನ ಜುಂಗಿನಾಗ ದೇವಿ ಕುಂದರತಾಳೇನ ಬೇ? ಹೊಲದ ಮಣ್ಣ ಬೇಕ. ಆದ್ರೂ ಸಸಿ ಚಂದ ಬಂದಾವ ಬಿಡು.” ಆ ಕೊನೆಯ ಮಾತಿಗೆ ಅವ್ವ ಫೋನನ್ನು ಬೋರಲು ಹಾಕಿದಳು.

ನನಗೆ ಬಾವಿಯ ಮೂಲೆ ನೆನಪಾದದ್ದು ಆಗ. ಒಂದೇ ಒಂದು ಸಸಿ ಕಿತ್ತು ಬೇರು ನೋಡಿದರೆ ಸಾಕಿತ್ತು. ಆದರೆ ಘಟದ ಸಸಿಯನ್ನು ದಸರೆಗೆ ಮೊದಲು ಕೀಳಲು ಆಯಿ ಬಿಡುವುದಿಲ್ಲ. ಕೃಷಿ ಪದವಿಯ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿತ್ತು. ಅದರ ಕೆಳಗೇ ಇದ್ದ ಸಸಿಯನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ. ಕೀಳಲಾಗದಿದ್ದರೆ ಹೊಸದಾಗಿ ಬಿತ್ತಿಯೇ ನೋಡಬೇಕು ಎಂದುಕೊಂಡೆ. ಒಂದು ಪತ್ರೋಳಿಯಲ್ಲಿ ಬಾವಿಯ ಮೂಲೆಯ ಮಣ್ಣು. ಇನ್ನೊಂದರಲ್ಲಿ ಅದೇ ಮಣ್ಣಿಗೆ ಚಿಟಿಕೆ ಯೂರಿಯಾ. ಮೂರನೆಯದರಲ್ಲಿ ಕಸದೆಣ್ಣೆ ಸೋಕದ ಮಣ್ಣು. ಮಣ್ಣು ಬಿಟ್ಟು ಉಳಿದೆಲ್ಲವೂ, ಕಾಳು, ನೀರು, ಮಬ್ಬು ಬೆಳಕು, ಒಂದೇ ಆಗಿರಬೇಕು.

ಎಣ್ಣೆ ಸೋಕದ ಮಣ್ಣಿಗಾಗಿ ಬದು ದಾಟಿದೆ. ಆಚೆಯ ಹೊಲ ನಾನು ಚಾಚಾ ಎಂದು ಕರೆಯುವ ನೆರೆಯವರದು. ನಮ್ಮ ಮನೆಗೂ ಅವರ ಮನೆಗೂ ಅಜ್ಜಂದಿರ ಕಾಲದಿಂದ ಬಳಕೆ. ನಮ್ಮ ಬಾವಿಯ ಸರದಿಯ ನೀರು ಅವರಿಗೆ, ಅವರ ಮನೆಯ ಈದಿನ ಶೀರಕುರ್ಮಾ ನಮಗೆ. ಅವರು ಅರಿಷಿಣ ಬೆಳೆಯುತ್ತಾರೆ, ಎಣ್ಣೆ ಹೊಡೆಯುವುದಿಲ್ಲ. ಚಾಚಿಯೂ ಸೊಸೆಯರೂ ಕೈಯಿಂದಲೇ ಕಸ ತೆಗೆಯುತ್ತಾರೆ.

“ಚಾಚಾ, ಒಂದು ಹೋಲಿಕೆಯ ಪ್ರಯೋಗಕ್ಕಾಗಿ ತಮ್ಮ ಹೊಲದ ಸ್ವಲ್ಪ ಮಣ್ಣು ಬೇಕಾಗಿತ್ರಿ.”

“ಒಂದ ಬುಟ್ಟಿ ಮಣ್ಣಿಗೆ ಇಷ್ಟ ಮರ್ಯಾದಿ ಯಾಕ ಬೇಟಿ? ನಿಮ್ಮಪ್ಪ ಬದುವ ಸರಿಸಿದಾಗ ನನ್ನ ಕೇಳಿದ್ನೇನು?”

ಬದು ಎಂದೂ ಸರಿದಿಲ್ಲ. ಅದು ಅವರಿಬ್ಬರ ಹಳೆಯ ತಮಾಷೆ. ಅಪ್ಪನೂ ಅವರಿಗೆ ಇದೇ ಮಾತು ಹೇಳುತ್ತಾರೆ.

“ನಿಮ್ಮ ದೇವಿಗೆ ನಮ್ಮ ಹೊಲದ ಮಣ್ಣ ನಡೀತೈತೇನು?” ಎಂದು ಚಾಚಾ ಸಲಿಕೆ ಎತ್ತಿಕೊಂಡರು.

“ದೇವಿಗಲ್ರಿ ಚಾಚಾ, ನನಗ.”

“ಹಂಗಾರ ಎರಡ ಬುಟ್ಟಿ ಒಯ್ಯಿ. ದೇವಿ ಕೊಟ್ಟಷ್ಟ ತಗೊಂಡ ಸುಮ್ಮ ಇರತಾಳ. ಸಾಲಿ ಕಲ್ತಾವ್ರು ಮತ್ತ ಕೇಳಾಕ ಬರತಾರ.”

ಬಿತ್ತುವ ಹೊತ್ತಿಗೆ ನಾನು ಅವ್ವನನ್ನು ಕರೆದೆ. ಅವಳು ಒಲ್ಲೆ ಎಂದಳು.

“ನಿನ್ನ ಪರೀಕ್ಷಾಕ ನನ್ನ ಕೈ ಯಾಕ? ನೀನ ಹಾಕು.”

“ಯವ್ವಾ, ಅಲ್ಲಿ ಬಿತ್ತಿದ್ದ ನಿನ್ನ ಕೈ. ಇಲ್ಲಿ ನನ್ನ ಕೈಲೆ ಬಿತ್ತಿ ಸಸಿ ಚಲೋ ಬಂದ್ವಂದ್ರ ಅತ್ತಿ ಏನಂತಾಳು?”

ಅವ್ವ ಸ್ವಲ್ಪ ಯೋಚಿಸಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂರೂ ಪತ್ರೋಳಿಗೆ ಒಂದೇ ಮುಷ್ಟಿಯಿಂದ ಕಾಳು ಬಿತ್ತಿದಳು. ಅವುಗಳನ್ನು ದೇವರ ಕೋಣೆಯ ಒಳಮಗ್ಗುಲಲ್ಲಿ, ಜೋಳದ ಚೀಲಗಳ ಮರೆಯಲ್ಲಿಟ್ಟೆವು. ನೋಡಬಾರದೆಂದು ಹೇಳಿದ್ದರೂ ಅವಳು ಜೋಳ ತೆಗೆಯುವ ನೆಪದಲ್ಲಿ ಹೋಗಿ ನೋಡುತ್ತಿದ್ದಳು. ಆ ವಾರ ನಮ್ಮ ಮನೆಯಲ್ಲಿ ರೊಟ್ಟಿಗಳು ಅಗತ್ಯಕ್ಕಿಂತ ಹೆಚ್ಚಾಗಿದ್ದವು.

ದಸರೆಯ ಹಿಂದಿನ ದಿನ, ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ಬೆಳಿಗ್ಗೆ ಅತ್ತೆ ಸಂಕೇಶ್ವರದ ಬಸ್ಸು ಹಿಡಿದು, ಗೋಕಾಕದಲ್ಲಿ ಇಳಿದು, ಟಂಟಂ ರಿಕ್ಷಾ ಏರಿ ಬಂದಳು. ಕಾಲಿಗೆ ನೀರು ಹಾಕಿಕೊಂಡವಳೇ ಚಷ್ಮಾ ಏರಿಸಿ ಘಟದ ಮುಂದೆ ಕುಳಿತಳು. ಅಪ್ಪ ತೊಳೆದ ಕುಡಗೋಲು, ಗುದ್ದಲಿಗಳನ್ನು ಪೂಜೆಗೆ ಸಾಲಾಗಿಡುತ್ತಾ ಅಲ್ಲೇ ಇದ್ದರು. ಆಯಿ ದೀಪದ ಪಕ್ಕದ ತನ್ನ ಮಣೆಯ ಮೇಲೆ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಇವೇನ ಸಸಿಯೋ, ಕಾಮಾಲಿ ಆದ ಕೂಸುಗೋಳೋ?” ಎಂದಳು ಅತ್ತೆ.

ಅತ್ತೆ ಇನ್ನಷ್ಟು ಬಾಗಿದಳು. ಪತ್ರೋಳಿಯ ಒಣ ಅಂಚಿನಲ್ಲಿ ಬಿಳಿಯ ಕಾಳುಗಳು ಬಿದ್ದಿದ್ದವು.

“ಸಾಬೂದಾಣಿ ಯಾರ ಚೆಲ್ಲೀರಿ ಇಲ್ಲಿ? ಉಪಾಸದ ಖಿಚಡಿ ದೇವರ ಮ್ಯಾಲ ಕುಂತ ತಿಂದೀರೇನು?”

ನಾನು ಒಂದು ಕಾಳನ್ನು ಬೆರಳಿನಿಂದ ಎತ್ತಿ ನೋಡಿದೆ. “ಅತ್ತೀ, ಇದು ಸಾಬೂದಾಣಿ ಅಲ್ಲ. ಯೂರಿಯಾ.”

ಈಗ ಅತ್ತೆಯ ಚಷ್ಮಾ ಘಟವನ್ನು ಬಿಟ್ಟು ಮನುಷ್ಯರ ಕಡೆ ತಿರುಗಿತು. ಅಪ್ಪ ಕುಡಗೋಲಿನ ಹಿಡಿಯನ್ನು ಬಹಳ ಆಸ್ಥೆಯಿಂದ ಒರೆಸತೊಡಗಿದರು.

“ಏನೋ ತಮ್ಮಾ?”

“ಒಂದ ಚಿಟಿಕಿ ಅಕ್ಕಾ. ಪಾಪ, ಹಸದಂಗ ಕಂಡ್ವು. ಇಕಿ ಹೆಸರ ಕೆಡಬಾರದಂತ...”

ಚೌಕಟ್ಟಿನ ಬಳಿಯಿಂದ ಅವ್ವ ಮೆಲ್ಲಗೆ ಹೇಳಿದಳು: “ನಾನೂ ಹಾಕೇನ್ರಿ ಅಕ್ಕಾರ. ಮುಂಜಾನಿ.”

ಅಪ್ಪ ಅವ್ವನನ್ನು ನೋಡಿದರು. ಅವ್ವ ಅಪ್ಪನನ್ನು ನೋಡಿದಳು. ಒಂದೇ ಕಳ್ಳತನಕ್ಕೆ ಒಂದೇ ಮನೆಯ ಎರಡು ಬಾಗಿಲಿನಿಂದ ನುಗ್ಗಿ ನಡುಮನೆಯಲ್ಲಿ ಢಿಕ್ಕಿ ಹೊಡೆದವರಂತೆ ಇಬ್ಬರ ಮುಖವೂ ಆಯಿತು.

ಅತ್ತೆಗೆ ನಗು ಬರಲಿಲ್ಲ. “ಕೈಗುಣ ಇಲ್ಲಂತ ಗೊಬ್ಬರ ಹಾಕಿ ಮುಚ್ಚಾಕ ಹ್ವಾದ್ಯಾ ತಂಗೀ? ದೇವಿ ಮುಂದ? ಇದಕ್ಕಿಂತ ಸಣ್ಣಾಕಿ ತೆಂಗಿನ ಜುಂಗ ವಾಸಿ. ಮುಂದಿನ ವರ್ಷ ಘಟ್ಟ...”

“ನಾನೂ ಹಾಕೇನಿ” ಎಂದಳು ಆಯಿ.

ಆಯಿ ದೀಪದ ಬತ್ತಿಯನ್ನು ಮುಂದೆ ತಳ್ಳಿ, ಬೆರಳಿನ ಎಣ್ಣೆಯನ್ನು ತಲೆಗೆ ಒರೆಸಿಕೊಂಡಳು.

“ಅವರಿಬ್ಬರಿಗಿಂತ ಮೊದ್ಲ ನಾನ ಹಾಕೇನಿ. ದೀಪಕ್ಕ ಎಣ್ಣಿ ಹಾಕೂ ಮುಂದ.”

“ಯವ್ವಾ! ನೀ ಯಾಕ?” ಎಂದಳು ಅತ್ತೆ.

“ನಿನ್ನ ಬಾಯಿಗೆ ಅಂಜಿ. ನನ್ನ ಸೊಸಿಗೆ ಹುಕ್ಕೇರಿಯಿಂದ ಬಂದ ಏನರ ಅಂತಿ ಅಂತ ಗೊತ್ತಿತ್ತು. ಅಂದಿ ನೋಡು.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಬಟ್ಟಲನ್ನು ಅವಳ ಕೈಗಿಟ್ಟ ದಿನದಿಂದ ಆಯಿ ಸಸಿಗಳನ್ನು ನೋಡುತ್ತಾ ಒಂದೂ ಮಾತಾಡಿರಲಿಲ್ಲ. ಆ ಮೌನವನ್ನು ಅವ್ವ ತನ್ನ ಮೇಲಿನ ತಕರಾರೆಂದೇ ತಿಳಿದಿದ್ದಳು. ಆಯಿ ಸುಮ್ಮನಿದ್ದದ್ದು ಯೂರಿಯಾ ಕರಗಲಿ ಎಂದು.

ಅತ್ತೆ ಸೋಲುವವಳಲ್ಲ, ನನ್ನ ಕಡೆ ತಿರುಗಿದಳು. “ಮನ್ಯಾಗ ಇಷ್ಟೆಲ್ಲಾ ನಡದೈತಿ, ನೀ ಕಲ್ತಾಕಿ ಕಂಬದಂಗ ನಿಂತಿ. ಏನರ ಹೇಳಬೇ.”

ನಾನು ಜೋಳದ ಚೀಲಗಳ ಮರೆಯಿಂದ ಮೂರು ಪತ್ರೋಳಿಗಳನ್ನು ತಂದು ಸಾಲಾಗಿಟ್ಟೆ. ಮೂರನ್ನೂ ಬಿತ್ತಿದ್ದು ಅವ್ವನೇ ಎಂಬುದನ್ನು ಮೊದಲು ಹೇಳಿದೆ. ಬಾವಿಯ ಮೂಲೆಯ ಮಣ್ಣಿನಲ್ಲಿ ಘಟದಂತೆಯೇ ಗಿಡ್ಡ ಸಸಿಗಳು. ಅದೇ ಮಣ್ಣಿಗೆ ಯೂರಿಯಾ ಹಾಕಿದಲ್ಲಿ ಗಿಡ್ಡ ಸಸಿಗಳ ತುದಿಯೂ ಸುಟ್ಟಿತ್ತು. ಚಾಚಾ ಅವರ ಹೊಲದ ಮಣ್ಣಿನಲ್ಲಿ ಸಸಿಗಳು ಬೆರಳುದ್ದ.

“ಕತ್ತಲ್ಯಾಗ ಬೆಳದ ಸಸಿ ಹಳದಿ ಇರೂದ” ಎಂದಳು ಅತ್ತೆ. ಆಕ್ಷೇಪ ಸರಿಯಾದದ್ದೇ ಆಗಿತ್ತು.

“ಹೌದ್ರಿ ಅತ್ತಿ. ಬಣ್ಣಾ ನೋಡಬ್ಯಾಡ್ರಿ, ಮೂರೂ ಕತ್ತಲ್ಯಾಗ ಇದ್ವು. ಬೇರ ನೋಡ್ರಿ.”

ಪ್ರತಿಯೊಂದರಿಂದ ಒಂದೊಂದು ಸಸಿ ಕಿತ್ತು, ನೀರಿನಲ್ಲಿ ಅದ್ದಿ, ಅತ್ತೆಯ ಅಂಗೈ ಮೇಲಿಟ್ಟೆ. ಚಾಚಾ ಅವರ ಮಣ್ಣಿನ ಸಸಿಗೆ ಶಾವಿಗೆಯಂತೆ ಬಿಳಿಯ, ನೀಳವಾದ ಬೇರುಗಳು. ನಮ್ಮ ಮಣ್ಣಿನ ಸಸಿಗಳಿಗೆ ತೇದುಹೋದ ಹಲ್ಲುಜ್ಜುವ ಬ್ರಷ್ಷಿನಂತೆ ಮೊಂಡು ಮೊಟಕು. ಇಷ್ಟು ಎಳೆಯ ಸಸಿ ಇನ್ನೂ ಕಾಳಿನಲ್ಲಿದ್ದ ಬುತ್ತಿಯನ್ನೇ ಉಣ್ಣುತ್ತಿರುತ್ತದೆ, ಗೊಬ್ಬರದ ಹಸಿವು ಮುಂದೆ ಬರುವಂಥದು. ಆದರೆ ಹಸಿವು ಬರುವ ಹೊತ್ತಿಗೆ ಉಣ್ಣಲು ಬಾಯಿಯೇ ಇರುವುದಿಲ್ಲ ಎಂದು ವಿವರಿಸಿದೆ. ಅಪ್ಪನ ಹೆಚ್ಚಿನ ಮುಚ್ಚಳವನ್ನೂ ಬಾವಿಯ ಮೂಲೆಯಲ್ಲಿ ಪಂಪು ತೊಳೆದದ್ದನ್ನೂ ಸೇರಿಸಿ, ಈ ಸಲ ಮನೆಯ ಮಾತಿನಲ್ಲಿಯೇ ಹೇಳಿದೆ. ರೇಡಿಯೋ ಎಂದು ಯಾರೂ ಅನ್ನಲಿಲ್ಲ.

ಅಪ್ಪ ಎರಡನೆಯ ಪತ್ರೋಳಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಸುಟ್ಟ ತುದಿಗಳನ್ನು ಬೆರಳಿನಿಂದ ಮುಟ್ಟಿದರು.

“ಹಂಗಾರ ಕಬ್ಬಿನ್ಯಾಗೂ ಇದ ಆಗೇತೇನು?”

“ಹೂನ್ರಿ ಅಪ್ಪಾ.”

“ಎರಡ ಸಲ ಬಡಸಿದ್ನೆಲಾ.”

“ತಾಟ ಇನ್ನೂ ಹಂಗ ಐತ್ರಿ. ಮೊದ್ಲ ಹೊಸಾ ಬೇರ ಬರ್ಲಿ. ಅಲ್ಲಿತನಕ ತೆಳ್ಳಗ ನೀರ ಬಿಡ್ರಿ, ಯೂರಿಯಾ ಮುಟ್ಟಬ್ಯಾಡ್ರಿ.”

ಅತ್ತೆ ಮೂರು ಬೇರುಗಳನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಉದ್ದ ಬೇರಿನದನ್ನು ಅವ್ವನ ಅಂಗೈಗೆ ದಾಟಿಸಿದಳು.

“ತಂಗಿ ಕೈ ಚಲೋ ಐತಿ. ನನ್ನ ತಮ್ಮನ ಮುಚ್ಚಳ ಕೆಟ್ಟೈತಿ.”

ಮರುದಿನ ದಸರೆ. ಟೋಪಿಗೆ ಯಾವ ಸಸಿ ಸಿಕ್ಕಿಸಬೇಕೆಂಬ ಪ್ರಶ್ನೆ ಎದ್ದಿತು. ಪದ್ಧತಿಯ ಪ್ರಕಾರ ಘಟದ್ದೇ ಆಗಬೇಕು. ಆದರೆ ಘಟದ ಸಸಿ ಟೋಪಿಯ ಅಂಚಿನಿಂದ ಹೊರಗೆ ಇಣುಕುವಷ್ಟೂ ಇರಲಿಲ್ಲ. ಎಲ್ಲರೂ ಆಯಿಯ ಮುಖ ನೋಡಿದರು. ಆಯಿ ಘಟದ್ದೊಂದು ಗಿಡ್ಡ ಸಸಿಯನ್ನೂ ಚಾಚಾ ಅವರ ಮಣ್ಣಿನ ಉದ್ದ ಸಸಿಗಳನ್ನೂ ಕೂಡಿಸಿ ಒಂದು ಸಿವುಡು ಕಟ್ಟಿದಳು. “ಎರಡೂ ನನ್ನ ಸೊಸಿ ಕೈಯಾನ ಕಾಳ” ಎಂದು ಹೇಳಿ, ಮೊದಲ ಸಿವುಡನ್ನು ಅವ್ವನ ಮುಡಿಗೆ ತಾನೇ ಸಿಕ್ಕಿಸಿದಳು.

ಸಂಜೆ ಬನ್ನಿ ಕೊಡಲು ಚಾಚಾ ಮನೆಗೆ ಬಂದರು. ಅಪ್ಪ ಬನ್ನಿಯೆಲೆ ಕೊಟ್ಟು “ಬಂಗಾರದಂಗ ಇರೂಣು” ಎಂದಾಗ ಚಾಚಾ ಅಪ್ಪನ ಟೋಪಿಯನ್ನೇ ನೋಡುತ್ತಾ ನಿಂತರು.

“ಇದು ನನ್ನ ಹೊಲದ್ದಲಾ?”

“ಹೂಂ.”

“ನೋಡ್ರಿ. ಇಷ್ಟ ದಿನ ಬದುವಷ್ಟ ಸರಸತಿದ್ದ. ಈಗ ಹೊಲಾನ ತಲಿಮ್ಯಾಲ ಹೊತ್ಕೊಂಡ ಹೊಂಟಾನ.”

ಅಪ್ಪ ತಮ್ಮ ಟೋಪಿಯಿಂದ ಉದ್ದದ್ದೊಂದು ಸಸಿಯನ್ನು ಕಿತ್ತು ಚಾಚಾ ಅವರ ಕಿವಿಗೆ ಸಿಕ್ಕಿಸಿದರು. “ತಗೋ, ಒಂದ ವಾಪಸ್ ಕೊಟ್ಟೇನಿ” ಎಂದವರು ಮತ್ತೊಂದನ್ನೂ ಕಿತ್ತು ಸಿಕ್ಕಿಸಿದರು. ಕೊಸರು.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಘಟ ಮೂಡಲಗಿಗೆ ಹೋಗಲಿಲ್ಲ. ಅಂದಿನಿಂದ ಅವ್ವನೇ ಬಿತ್ತುತ್ತಾಳೆ, ಮಣ್ಣನ್ನು ನಾನು ಸಾಣಿಸುತ್ತೇನೆ. ನವರಾತ್ರಿಗೆ ಕಾಕು ಈಗ ಅವ್ವ ಕೊಟ್ಟ ಹೊಲದ ಮಣ್ಣನ್ನೇ ಒಯ್ಯುತ್ತಾಳೆ. ಚಾಚಾ ಅವರ ಬದುವಿಗೆ ಹೊಂದಿದ ನಮ್ಮ ಹೊಲದ ಅಂಚಿನ ಪಟ್ಟಿಗೆ ಅಪ್ಪ ಎಣ್ಣೆ ಹೊಡೆಯುವುದಿಲ್ಲ. ಅಲ್ಲಿಯ ಕಸವನ್ನು ಅವ್ವ, ಚಾಚಿ ಕೂಡಿ ತೆಗೆಯುತ್ತಾರೆ, ಘಟದ ಮಣ್ಣು ಅಲ್ಲಿಂದಲೇ ಬರುತ್ತದೆ. ಬಾವಿಯ ಮೂಲೆಯಲ್ಲಿ ಪಂಪು ತೊಳೆಯುವುದು ನಿಂತಿದೆ. ಆ ವರ್ಷದ ಕಬ್ಬು ತಡವಾಗಿ ಹಸಿರಾಯಿತು, ಮೂಲೆಯ ಸಾಲುಗಳು ಮಾತ್ರ ಕೊನೆಯವರೆಗೂ ಗಿಡ್ಡವಾಗಿಯೇ ಉಳಿದವು. ಉಳಿದ ಹೊಲಕ್ಕೆ ಕಸದೆಣ್ಣೆ ಬೇಕಾದಾಗ ಅಳತೆಯ ಮುಚ್ಚಳವನ್ನು ಆಯಿ ತನ್ನ ಅಡಿಕೆ ಚೀಲದಿಂದ ತೆಗೆದು ಕೊಡುತ್ತಾಳೆ, ಹೊಡೆದಾದ ಮೇಲೆ ತೊಳೆಸಿ ಮರಳಿ ಪಡೆಯುತ್ತಾಳೆ. ಎಲೆ ಹಳದಿಯಾದರೆ ಅಪ್ಪ ಮೊದಲು ಒಂದು ಗಿಡ ಕಿತ್ತು ಬೇರು ನೋಡುತ್ತಾರೆ, ಯೂರಿಯಾದ ಮಾತು ಆಮೇಲೆ. ಬದನೆಕಾಯಿಗೆ ಈಗಲೂ ಕೊಸರು ಹಾಕುತ್ತಾರೆ.